ಅಜ್ಜಿಯ ಅಪ್ಪನ ಲೂಗರ್

ಪಕ್ಕದ ಮನೆ ಅಜ್ಜಿಯ ಅಪ್ಪ ಯುದ್ಧದಿಂದ ತಂದ ಪಿಸ್ತೂಲು ಯುದ್ಧದಿಂದ ತಂದದ್ದಲ್ಲ ಅಂತ ಕಂಡುಹಿಡಿಯೋಕೆ ಮೇಷ್ಟ್ರಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಇದು ಶನಿವಾರ ಆದದ್ದು. ಅವರು ಅದನ್ನು ಹೇಳಿದ ರೀತಿಗೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮೇಷ್ಟ್ರು ಅಂದ್ರೆ ನಮ್ಮ ಶಾಪಿನ ಹಿರಿಯ ಟೂಲ್ ಮೇಕರ್. ಅಪ್ಪಟ ಒಹಾಯೋದ ಮನುಷ್ಯ. ಮೇಷ್ಟ್ರು ಅನ್ನೋದು ನಾನು ಮನೆಯಲ್ಲಿ ಕರೆಯೋ ಹೆಸರು, ಅವರಿಗೆ ಗೊತ್ತಿಲ್ಲ. ಪೀಣ್ಯದ ಟೂಲ್ ರೂಮಿನಲ್ಲಿ ಕೆಲಸ ಕಲಿತ ನಾನು ಇಲ್ಲಿಗೆ, ಅಮೆರಿಕಕ್ಕೆ, ಬಂದ ಹೊಸತರಲ್ಲಿ ನನ್ನ ಕೈಕೆಲಸ ನೋಡಿ ಮೊದಲು ತಲೆಯಾಡಿಸಿದವರು ಅವರೇ. ಅವರಿಗೆ ಹಳೇ ಜರ್ಮನ್ ಪಿಸ್ತೂಲುಗಳ ಹುಚ್ಚು. ಅದರಲ್ಲೂ ಲೂಗರ್ ಅಂದ್ರೆ ಊಟ ಬಿಟ್ಟು ಬರ್ತಾರೆ. ಹಾಗಾಗಿ ಅಜ್ಜಿ (ನಮ್ಮ ಮಕ್ಕಳು ಅವರನ್ನು ಹಾಗೇ ಕರೀತಾರೆ, ಅವರಿಗೂ ಅದು ಅಭ್ಯಾಸ ಆಗಿದೆ) ತಮ್ಮ ಅಪ್ಪನ ಪಿಸ್ತೂಲು ಯಾವ ಕಾಲದ್ದು ಅಂತ ತಿಳಿಬೇಕು ಅಂದಾಗ ನಾನು ಮೇಷ್ಟ್ರನ್ನೇ ಕರಕೊಂಡು ಹೋದೆ.

ಕತೆ ನನಗೆ ಬಾಯಿಪಾಠ. 1944ರ ಡಿಸೆಂಬರ್, ಬೆಲ್ಜಿಯಂನ ಆರ್ಡೆನ್ ಕಾಡು, ಮೊಣಕಾಲುದ್ದ ಹಿಮ. ಕೈಯೆತ್ತಿ ಶರಣಾದ ಜರ್ಮನ್ ಅಧಿಕಾರಿಯ ಸೊಂಟದಿಂದ ಬಿಚ್ಚಿಕೊಂಡ ಲೂಗರ್. ಪ್ರತಿ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೂ ಅಜ್ಜಿ ಇದನ್ನು ಹೇಳ್ತಿದ್ರು. ಆ ಅಧಿಕಾರಿ ನಡುಗುತ್ತಿದ್ದ, ಅಪ್ಪ ಅವನಿಗೆ ಸಿಗರೇಟು ಕೊಟ್ರು ಅನ್ನೋದೂ ಕತೆಯಲ್ಲಿ ಬರುತ್ತೆ.

ನಾವು ಹೋದಾಗ ಅಜ್ಜಿಯ ತಮ್ಮನೂ ಅಲ್ಲಿದ್ದ. ಆ ಮನುಷ್ಯ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಅಪ್ಪ ಹಾಸಿಗೆ ಹಿಡಿದಾಗ ಒಮ್ಮೆಯೂ ಬರಲಿಲ್ಲ, ಮನೆ ಖಾಲಿ ಮಾಡೋ ಹೊತ್ತಿಗೆ ಹಾಜರ್. ಪಿಸ್ತೂಲಿನ ನಂಬರನ್ನು ಫೋನಿನಲ್ಲಿ ಹಾಕಿ ಹುಡುಕಿದ್ದನಂತೆ. ಏನೂ ಸಿಗಲಿಲ್ಲ ಅಂತ ಬೇಸರ. “ನಂಬರ್ ಹಾಕಿದ್ರೆ ವರ್ಷ ಬರ್ಬೇಕಲ್ವಾ, ಕಾರಿಗೆ ಬರೋ ಹಾಗೆ?” ಅಂದ.

ಬರಲ್ಲ. ಮೇಷ್ಟ್ರು ಅಲ್ಲಿಂದಲೇ ಪಾಠ ಶುರು ಮಾಡಿದ್ರು. ಜರ್ಮನ್ ಸೈನ್ಯಕ್ಕೆ ಮಾಡಿದ ಲೂಗರ್‌ಗಳಿಗೆ ಪ್ರತಿ ವರ್ಷ ನಂಬರ್ 1ರಿಂದ ಶುರು. 10,000 ಮುಟ್ಟಿದ ಮೇಲೆ ಮತ್ತೆ 1ರಿಂದಲೇ, ಆದರೆ ಕೆಳಗೆ ಕೈಬರಹದ ಶೈಲಿಯಲ್ಲಿ ಒಂದು ಪುಟ್ಟ ‘ಎ’. ಅದೂ ಮುಗಿದ್ರೆ ‘ಬಿ’. ಮುಂದಿನ ವರ್ಷ ಮತ್ತೆ ಮೊದಲಿಂದ. ಅಂದ್ರೆ ಒಂದೇ ನಂಬರು, ಒಂದೇ ಅಕ್ಷರ ಇರೋ ಪಿಸ್ತೂಲುಗಳು ಬೇಕಾದಷ್ಟಿವೆ. ಯಾರು ಮಾಡಿದ್ದು, ಯಾವ ವರ್ಷ, ಯಾವ ನಂಬರು, ಯಾವ ಅಕ್ಷರ, ಇಷ್ಟೂ ಸೇರಿದ್ರೆ ಮಾತ್ರ ಒಂದು ಪಿಸ್ತೂಲಿನ ಗುರುತು.

ಮೊದಲು ಮ್ಯಾಗಜೀನ್ ತೆಗೆದು, ನಳಿಗೆ ಖಾಲಿ ಇದೆಯಾ ಅಂತ ನೋಡಿದ್ರು. ನನಗೂ ತೋರಿಸಿದ್ರು. ಆಮೇಲೆ ಮೇಜಿನ ಮೇಲೆ ಒಂದು ಟವೆಲ್ ಹಾಸಿ ಬಿಚ್ಚೋಕೆ ಶುರು. ಟಾಗಲ್ (ಪಿಸ್ತೂಲಿನ ಮೇಲ್ಭಾಗದಲ್ಲಿ ಮಡಚಿ ಏಳುವ ಕೀಲು) ಮೇಲೆ ಹೆಣೆದುಕೊಂಡ ಮೂರು ಅಕ್ಷರ, ಡಿಡಬ್ಲ್ಯುಎಂ. ಬರ್ಲಿನ್‌ನ ಕಾರ್ಖಾನೆ. ಪಕ್ಕದಲ್ಲಿ ಪುಟ್ಟ ಪುಟ್ಟ ಕಿರೀಟಗಳು, ಅವುಗಳ ಕೆಳಗೆ ಹಳೇ ಜರ್ಮನ್ ಲಿಪಿಯ ಒಂದೊಂದು ಅಕ್ಷರ. ಅವು ಜರ್ಮನ್ ಚಕ್ರವರ್ತಿ ಕೈಸರ್ ಕಾಲದ ತಪಾಸಣೆಯ ಮುದ್ರೆ. ತಮ್ಮ ಮಾತ್ರ ಭೂತಗನ್ನಡಿ ಹಿಡಿದು ಸ್ವಸ್ತಿಕ ಹುಡುಕುತ್ತಿದ್ದ. (ನಮ್ಮ ಮನೆ ಹೊಸ್ತಿಲಿನ ಸ್ವಸ್ತಿಕದ ಬಗ್ಗೆಯೂ ಒಮ್ಮೆ ವಿಚಾರಿಸಿದ್ದ. ಅದು ಬೇರೆ ಕತೆ.)

ನಳಿಗೆಯ ಹಿಂದೆ, ಗುಂಡು ಕೂರುವ ಜಾಗದ ಮೇಲೆ, ಎರಡು ಇಸವಿ. ಕೆಳಗೆ 1917. ಅದರ ಮೇಲೆ 1920.

“1920ರಲ್ಲಿ ಮಾಡಿದ್ದು!” ಅಂದ ತಮ್ಮ.

1920 ಮಾಡಿದ ವರ್ಷ ಅಲ್ಲ. ಮೊದಲ ಮಹಾಯುದ್ಧ ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದ ಒಂದು ಲಕ್ಷ ಸೈನಿಕರಷ್ಟೇ ಸಾಕು ಅಂತ ಮಿತಿ ಹಾಕಿತು. ಯುದ್ಧದಿಂದ ಮನೆಗೆ ಹೋದವರ ಹತ್ತಿರ, ಗಲ್ಲಿಗಲ್ಲಿಯ ಪಡೆಗಳ ಹತ್ತಿರ, ಲೆಕ್ಕವಿಲ್ಲದಷ್ಟು ಬಂದೂಕು ಉಳಿದಿದ್ದವು. ಯಾವುದು ಸರ್ಕಾರದ್ದು, ಯಾವುದು ಕದ್ದಿಟ್ಟದ್ದು ಅಂತ ತಿಳಿಯೋಕೆ ಸರ್ಕಾರದ ಆಯುಧಗಳ ಮೇಲೆ 1920 ಅಂತ ಒತ್ತಿದ್ರು. ಪಿಸ್ತೂಲು ಹುಟ್ಟಿದ್ದು 1917ರಲ್ಲಿ.

ಇಸವಿಯಂತೆ ಕಾಣೋದೆಲ್ಲ ಇಸವಿ ಅಲ್ಲ ಅಂತ ಮೇಷ್ಟ್ರು ಇನ್ನೂ ಕೆಲವು ಹೇಳಿದ್ರು. ಟಾಗಲ್ ಮೇಲೆ ‘42’ ಅಂತ ಇದ್ದರೆ ಜನ 1942 ಅಂದ್ಕೋತಾರೆ. ಅದು ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯ ಗುಟ್ಟಿನ ಸಂಖ್ಯೆ. ನಿಜವಾದ 1942ರ ಲೂಗರ್ ಮೇಲೆ ಇರೋದು ‘ಬಿವೈಎಫ್’, ಅದೂ ಅದೇ ಮೌಸರ್. 1934ರಲ್ಲಿ ಮಾಡಿದ್ದಕ್ಕೆ ಇಸವಿಯ ಜಾಗದಲ್ಲಿ ‘ಕೆ’, 1935ಕ್ಕೆ ‘ಜಿ’ ಅಂತ ಬರೀ ಒಂದಕ್ಷರ. ಹಿಟ್ಲರ್ ಆಗ ಸೈನ್ಯವನ್ನು ಸದ್ದಿಲ್ಲದೆ ಬೆಳೆಸುತ್ತಿದ್ದ. ಎಷ್ಟು ಮಾಡ್ತಿದ್ದೀವಿ, ಯಾವಾಗ ಮಾಡ್ತಿದ್ದೀವಿ ಅಂತ ಹೊರಗಿನವರಿಗೆ ತಿಳಿಯಬಾರದಿತ್ತು.

ನನಗೆ ಇದೆಲ್ಲಕ್ಕಿಂತ ಖುಷಿ ಕೊಟ್ಟದ್ದು ಸಣ್ಣ ಬಿಡಿಭಾಗಗಳು. ಪ್ರತಿಯೊಂದರ ಮೇಲೂ ಎರಡೆರಡು ಅಂಕಿ. ಆ ಭಾಗ ಯಾವ ಪಿಸ್ತೂಲಿಗೆ ಮಾಡಿದ್ದೋ ಅದರ ನಂಬರಿನ ಕೊನೆಯ ಎರಡು. ಯಾಕೆ ಅಂತ ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಪೀಣ್ಯದಲ್ಲಿ ನಾವು ಮಾಡ್ತಿದ್ದದ್ದೂ ಅದೇ. ಒಂದು ಡೈಗೆ (ಅಚ್ಚಿಗೆ) ಅದರೊಳಗೆ ಇಳಿಯುವ ಪಂಚನ್ನು ಕೈಯಲ್ಲಿ ಅರ ಹಾಕಿ ಕೂರಿಸಿದ ಮೇಲೆ ಎರಡಕ್ಕೂ ಒಂದೇ ನಂಬರ್ ಹೊಡೀತಿದ್ವಿ. ಇನ್ನೊಂದರದ್ದು ಇದಕ್ಕೆ ಹೋದ್ರೆ ಕೂರಲ್ಲ. ಸಾಲಾಗಿ ಬಿಚ್ಚಿ ತೊಳೆಯೋವಾಗ ಒಂದರ ಭಾಗ ಇನ್ನೊಂದಕ್ಕೆ ಸೇರದಿರಲಿ ಅಂತ ಬರ್ಲಿನ್‌ನ ಯಾರೋ ಫಿಟ್ಟರ್ ಹೊಡೆದ ಅಂಕಿ ಅದು. ನಳಿಗೆಯ ಕೆಳಗೆ ನಂಬರಿನ ಹತ್ತಿರ 8,82 ಅಂತ ಇತ್ತು. ಒಳವ್ಯಾಸ, ಮಿಲಿಮೀಟರಿನಲ್ಲಿ. ಜರ್ಮನ್ನರ ರೂಢಿಯಂತೆ ಚುಕ್ಕಿ ಬದಲು ಅಲ್ಪವಿರಾಮ. 1917ರಲ್ಲಿ, ಊಟಕ್ಕೆ ಟರ್ನಿಪ್ ಗೆಡ್ಡೆಯೇ ಗತಿಯಾಗಿದ್ದ ದೇಶದಲ್ಲಿ, ಯಾರೋ ಗೇಜ್ ಹಾಕಿ ನೋಡಿ ಎರಡನೇ ದಶಮಾಂಶದ ತನಕ ಬರೆದಿದ್ದಾನೆ. ನಾನು ಅದನ್ನೇ ನೋಡ್ತಾ ಕೂತಿದ್ದೆ.

ಮೇಷ್ಟ್ರು ಮಾತ್ರ ಸುಮ್ಮನಾಗ್ತಾ ಹೋದ್ರು. ಟಾಗಲ್ ನಂಬರು ಬೇರೆ. ಪಕ್ಕದ ಪ್ಲೇಟಿನದ್ದು ಇನ್ನೂ ಬೇರೆ. ಟ್ರಿಗರ್, ಸೇಫ್ಟಿ ಲಿವರ್ ಎಲ್ಲ ಕಡುನೀಲಿ. 1917ರ ಲೂಗರ್‌ನಲ್ಲಿ ಅವು ಒಣಹುಲ್ಲಿನ ಬಣ್ಣ ಇರಬೇಕು. ಉಕ್ಕನ್ನು ಟೆಂಪರ್ ಮಾಡಿದವರಿಗೆ, ಅಂದ್ರೆ ಬಿಸಿ ಮಾಡಿ ಹದಕ್ಕೆ ತಂದವರಿಗೆ ಗೊತ್ತು, ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಆ ಹೊಂಬಣ್ಣ ಬರುತ್ತೆ, 300ರ ಹತ್ತಿರ ನೀಲಿ. ಇಲ್ಲಿ ಯಾರೋ ಎಲ್ಲವನ್ನೂ ಒಟ್ಟಿಗೆ ಬಿಸಿ ಉಪ್ಪಿನ ದ್ರಾವಣದಲ್ಲಿ ಮುಳುಗಿಸಿ ತೆಗೆದಿದ್ದಾರೆ. ಪಕ್ಕದಲ್ಲಿ ಒಂದು ಎಕ್ಸ್ ಗುರುತು. ಸೋವಿಯತ್ ಸೈನ್ಯ ಪೂರ್ವದ ರಣರಂಗದಲ್ಲಿ ವಶಪಡಿಸಿಕೊಂಡು, ರಾಶಿ ಹಾಕಿ ಬಿಚ್ಚಿ, ಕೈಗೆ ಸಿಕ್ಕ ಭಾಗ ಸಿಕ್ಕಿದ್ದಕ್ಕೆ ಜೋಡಿಸಿ, ಗೋದಾಮಿನಲ್ಲಿಟ್ಟ ಪಿಸ್ತೂಲುಗಳಿಗೆ ಈ ಗುರುತು ಇರುತ್ತೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವು ಅಮೆರಿಕದ ಅಂಗಡಿಗಳಿಗೆ ಬಂದವು.

ಕೊನೆಗೆ ನಳಿಗೆಯ ಕೆಳಗೆ, ನಾನು ಮೆಚ್ಚಿಕೊಂಡು ಕೂತಿದ್ದ 8,82ರಿಂದ ಸ್ವಲ್ಪ ಮುಂದೆ, ಅಕ್ಕಿಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳು. ಅಮೆರಿಕದ ಒಂದು ಕಂಪನಿಯ ಹೆಸರು, ಊರು. 1968ರ ಕಾಯ್ದೆ ಬಂದಾಗಿನಿಂದ ಹೊರದೇಶದ ಬಂದೂಕು ತರಿಸೋರು ತಮ್ಮ ಹೆಸರು ಕೊರೆಯಲೇಬೇಕು. ಸೈನಿಕ 1945ರಲ್ಲಿ ಚೀಲದಲ್ಲಿ ಹಾಕ್ಕೊಂಡು ಬಂದ ಪಿಸ್ತೂಲಿನ ಮೇಲೆ ಅದು ಇರೋಕೆ ಸಾಧ್ಯವೇ ಇಲ್ಲ.

ಮೇಷ್ಟ್ರು ಇಷ್ಟನ್ನೂ ಅದೇ ಧ್ವನಿಯಲ್ಲಿ, ಡ್ರಾಯಿಂಗ್‌ನಲ್ಲಿ ತಪ್ಪು ತೋರಿಸೋವಾಗಿನ ಧ್ವನಿಯಲ್ಲಿ, ಹೇಳಿ ಮುಗಿಸಿದ್ರು. ಅಜ್ಜಿ ಸ್ವಲ್ಪ ಹೊತ್ತು ಟವೆಲ್ ಮೇಲಿದ್ದ ಚೂರುಗಳನ್ನು ನೋಡಿದ್ರು.

“ಹಾಗಾದ್ರೆ ನಮ್ಮಪ್ಪ ಸುಳ್ಳು ಹೇಳಿದ್ರಾ?”

“ಪಿಸ್ತೂಲು ಸುಳ್ಳು ಹೇಳ್ತಿಲ್ಲ, ಅಷ್ಟೇ ನಾನು ಹೇಳಬಲ್ಲೆ” ಅಂದ್ರು ಮೇಷ್ಟ್ರು.

ಈ ಎರಡು ಸಾಲು ಶನಿವಾರದಿಂದ ನನ್ನ ತಲೆಯಲ್ಲಿ ಸುತ್ತುತ್ತಿವೆ. ಲೇತ್ ಮುಂದೆ ನಿಂತಾಗ, ಪಾತ್ರೆ ತೊಳೆಯುವಾಗ. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನಿದೆ? ಒಂದಕ್ಷರ ತಪ್ಪಿಲ್ಲ. ಪಿಸ್ತೂಲು ಮಾರುವವರ ಕತೆ ಕೇಳಿ ಕೇಳಿ ಅವರ ಕಿವಿ ಕಲ್ಲಾಗಿದೆ. ಹೊಂದದ ಭಾಗಗಳ ಮೇಲೆ ಹಳೇ ಅಂಕಿ ಉಜ್ಜಿ, ಹೊಸದಾಗಿ ಪಂಚ್ ಹೊಡೆದು, ಎಲ್ಲ ನಂಬರೂ ಮ್ಯಾಚಿಂಗ್ ಅಂತ ಮಾರೋ ಕಳ್ಳರನ್ನು ಅವರು ಎಷ್ಟೋ ಸಲ ಹಿಡಿದಿದ್ದಾರೆ. ಆದರೆ ಅಜ್ಜಿ ಏನನ್ನೂ ಮಾರೋಕೆ ಕೂತಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಅಪ್ಪನ ಬಗ್ಗೆ ಕೇಳಿದ್ದಕ್ಕೆ ಈ ಮನುಷ್ಯ ಪಿಸ್ತೂಲಿನ ಬಗ್ಗೆ ಉತ್ತರ ಕೊಟ್ರು. ಅದನ್ನು ನನಗೆ ತಡೆಯೋಕಾಗಲಿಲ್ಲ.

ತಮ್ಮನಿಗೆ ಆದ ಬೇಜಾರೇ ಬೇರೆ. “ಹಾಗಾದ್ರೆ ರೇಟು ಇಳಿಯುತ್ತಾ?” ಅಂದ. ಇಳಿಯುತ್ತೆ ಅಂದ್ರು ಮೇಷ್ಟ್ರು. ಆ ಒಂದು ಉತ್ತರ ಮಾತ್ರ ನನಗೆ ಹಿತವಾಗಿತ್ತು.

ಒಂದು ವಿಚಿತ್ರ ನೋಡಿ. ಕೈಸರ್‌ಗಾಗಿ ಹುಟ್ಟಿ, ಸೋತ ದೇಶದ ಲೆಕ್ಕಕ್ಕೆ ಸೇರಿ, ಹಿಟ್ಲರ್ ಸೈನ್ಯದ ಜೊತೆ ಪೂರ್ವಕ್ಕೆ ಹೋಗಿ, ರಷ್ಯನ್ನರ ಗೋದಾಮಿನಲ್ಲಿ ದಶಕಗಟ್ಟಲೆ ಕೊಳೆತು, ಸಮುದ್ರ ದಾಟಿ ಒಹಾಯೋಗೆ ಬಂದ ಈ ಪಿಸ್ತೂಲಿನ ನಿಜವಾದ ಕತೆ ಥ್ಯಾಂಕ್ಸ್‌ಗಿವಿಂಗ್ ಕತೆಗಿಂತ ಎಷ್ಟೋ ದೊಡ್ಡದು. ಅದನ್ನು ಅಜ್ಜಿಗೆ ಹೇಳೋಕೆ ಬಾಯಿ ತೆರೆದೆ, ಆಮೇಲೆ ಬೇಡ ಅನಿಸಿತು. ಅದರಲ್ಲಿ ಅವರಪ್ಪ ಇಲ್ಲವಲ್ಲ.

ನಮ್ಮೂರಲ್ಲಿ ಯಾರ ಮನೆ ಅಟ್ಟದ ಕತ್ತಿ ಟಿಪ್ಪು ಕಾಲದ್ದಲ್ಲ ಹೇಳಿ? ಇಲ್ಲಾಂದ್ರೆ ಮಹಾರಾಜರು ಕೊಟ್ಟದ್ದು. ತಿರುಗಿಸಿ ಯಾವ ಕಾರ್ಖಾನೆಯ ಗುರುತು ಇದೆ ಅಂತ ನೋಡಿದವರನ್ನು ನಾನು ಕಂಡಿಲ್ಲ, ನೋಡಬೇಕು ಅಂತಲೂ ಯಾರಿಗೂ ಅನಿಸಲ್ಲ. ಭಾನುವಾರ ಮಡಿಕೇರಿಯ ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನ ಮನೆಯಲ್ಲಿ ಮುತ್ತಾತನ ಕೋವಿ ಇದೆ, ಕೊಡವರ ಆಯುಧಗಳ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆ ಮಾಡ್ತಾರೆ. “ನಾವು ಕೋವಿಗೆ ಹೂವಿಡ್ತೀವಿ ಮಾರಾಯ, ನಂಬರ್ ಓದಲ್ಲ” ಅಂದ. ನಾನು ನಕ್ಕೆ. ಆದರೆ ನಾನು ಓದೋನೇ. ಕೈಗೆ ಕೊಟ್ಟರೆ ತಿರುಗಿಸಿ ನೋಡದೆ ಇರೋಕೆ ನನ್ನಿಂದಾಗಲ್ಲ.

ಅದಕ್ಕೇ ಶನಿವಾರ, ಮೇಷ್ಟ್ರು ಪಿಸ್ತೂಲು ಮತ್ತೆ ಜೋಡಿಸೋ ಹೊತ್ತಿನಲ್ಲಿ, ನಾನು ಪಿಸ್ತೂಲು ಇಡೋ ಚರ್ಮದ ಚೀಲ, ಹೋಲ್‌ಸ್ಟರ್, ಎತ್ತಿಕೊಂಡೆ. ಎಲ್ಲರೂ ಕಬ್ಬಿಣವನ್ನೇ ನೋಡ್ತಿದ್ರು. ಹೋಲ್‌ಸ್ಟರ್ ಹಿಂಬದಿಯಲ್ಲಿ 1941 ಅಂತ ಒತ್ತಿತ್ತು, ಜೊತೆಗೆ ಸೈನ್ಯದ ತಪಾಸಣೆಯ ಪುಟ್ಟ ಹದ್ದು. ಮುಚ್ಚಳ ಎತ್ತಿದೆ. ಒಳಗೆ ಮಸುಕಾದ ಶಾಯಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ. ಇದು ಜರ್ಮನ್ ಮುದ್ರೆ ಅಲ್ಲ, ಕೈಬರಹ. ಮೇಷ್ಟ್ರಿಗೆ ತೋರಿಸಿದೆ. ಅವರ ಹುಬ್ಬು ಮೇಲೇರಿತು. ಆ ಯುದ್ಧದಲ್ಲಿ ಅಮೆರಿಕದ ಸೈನಿಕರು ಒಗೆಯೋಕೆ ಹಾಕುವ ಬಟ್ಟೆಯಿಂದ ಹಿಡಿದು ಎಲ್ಲ ಸಾಮಾನಿನ ಮೇಲೂ ಹೀಗೇ ಬರೀತಿದ್ರಂತೆ. ಮನೆತನದ ಹೆಸರಿನ ಮೊದಲಕ್ಷರ, ತಮ್ಮ ಸೈನ್ಯದ ನಂಬರಿನ ಕೊನೆಯ ನಾಲ್ಕು ಅಂಕಿ.

ಅಜ್ಜಿ ಏನೂ ಮಾತಾಡದೆ ನೆಲಮಾಳಿಗೆಗೆ ಹೋದ್ರು. ಅಪ್ಪನ ಹಸಿರು ಕ್ಯಾನ್ವಾಸ್ ಚೀಲ ತಂದು ಮೇಜಿನ ಮೇಲೆ ಹಾಕಿದ್ರು. ಅದರ ಬಾಯಿಯ ಹತ್ತಿರ ಅದೇ ಅಕ್ಷರ, ಅದೇ ನಾಲ್ಕು ಅಂಕಿ. ಏಳಕ್ಕೆ ಅಡ್ಡಗೆರೆ ಎಳೆಯೋ ಅಭ್ಯಾಸವೂ ಎರಡರಲ್ಲೂ ಒಂದೇ.

ಆಮೇಲೆ ಏನು ನಡೆದಿರಬಹುದು ಅಂತ ಎಲ್ಲರದ್ದೂ ಒಂದೊಂದು ಊಹೆ. ಲೂಗರ್‌ಗೆ ಆಗಲೇ ಒಳ್ಳೇ ಗಿರಾಕಿಗಳಿದ್ರು, ಊರಿಗೆ ಮರಳುವ ಹಡಗಿನಲ್ಲಿ ಜೂಜಾಡಿ ಕಳಕೊಂಡವರೂ ಇದ್ರು ಅಂದ್ರು ಮೇಷ್ಟ್ರು. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಒಂದು ಕ್ಷಣವೂ ಯೋಚಿಸಲಿಲ್ಲ. “ಮಕ್ಕಳು ಸಣ್ಣೋರಿದ್ದಾಗ ಕಷ್ಟಕ್ಕೆ ಮಾರಿರ್ತಾರೆ. ವಯಸ್ಸಾದ ಮೇಲೆ ಖಾಲಿ ಹೋಲ್‌ಸ್ಟರ್ ನೋಡೋಕಾಗ್ದೆ ಅಂಥದ್ದೇ ಇನ್ನೊಂದು ತಂದಿರ್ತಾರೆ. ಇದರಲ್ಲೇನಿದೆ ಅರ್ಥ ಆಗದೇ ಇರೋದು?” ಅಂದಳು. ಅವಳ ತವರಲ್ಲಿ ಅಡವಿಟ್ಟು ಹೋದ ಕಾಸಿನ ಸರದ ಜಾಗಕ್ಕೆ ಅವಳಜ್ಜಿ ಕೊನೆಗಾಲದಲ್ಲಿ ಅದೇ ಮಾದರಿಯದ್ದು ಮಾಡಿಸಿಕೊಂಡಿದ್ದರಂತೆ. ಅದನ್ನೂ ಮದುವೆಯಲ್ಲಿ ಕೊಟ್ಟದ್ದು ಅಂತಲೇ ಹೇಳ್ತಿದ್ದರಂತೆ.

ಪಿಸ್ತೂಲನ್ನು ತಮ್ಮ ತಗೊಂಡು ಹೋಗ್ತಾನೆ ಅಂತ ತೀರ್ಮಾನ ಆಗಿದೆ. ಅಜ್ಜಿ ಹೋಲ್‌ಸ್ಟರ್ ಮಾತ್ರ ಇಟ್ಕೊಳ್ತಾರೆ. ಇವತ್ತು ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಮೇಷ್ಟ್ರು ಪಕ್ಕದಲ್ಲಿ ಬಂದು ಕೂತ್ರು. ಹವಾಮಾನ, ಓವರ್‌ಟೈಮ್ ಎಲ್ಲ ಮಾತಾಡಿದ್ರು. ಆಮೇಲೆ ನಿಧಾನಕ್ಕೆ, “ಆ ಹೋಲ್‌ಸ್ಟರ್ ಕೊಡ್ತಾರೇನೋ ಕೇಳಿ ನೋಡ್ತೀಯಾ? ಒಳ್ಳೇ ರೇಟು ಕೊಡ್ತೀನಿ” ಅಂದ್ರು.

ನಾನು ಕೇಳಲ್ಲ ಅಂದೆ. ಅವರ ಮುಂದೆ ಪುಳಿಯೋಗರೆ ಡಬ್ಬಿ ಸರಿಸಿದೆ.