ತಮ್ಮನ ನೆನಪಿಗೆ ಕೆಂಪು ಪಟ್ಟಿ ಯಾಕೆ?

"ತಮ್ಮನ ಹೆಸರಿನ್ಯಾಗ ಊಟ ಹಾಕ್ಸೂದು ಬಿಟ್ಟು ಟ್ರ್ಯಾಕ್ಟರಿಗೆ ಪಟ್ಟಿ ಹಚ್ಚಕೋತ ನಿಂತೀರಲ್ರೀ ಅಕ್ಕಾರ, ಯಾಕ?"

ಮುಧೋಳದ ಕಡೆ ಕಬ್ಬಿನ ಸೀಜನ್ ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕಬ್ಬಿನ ಟ್ರೇಲರ್‌ಗಳಿಗೆ ನಾವು ಹಚ್ಚೋದು ರಿಫ್ಲೆಕ್ಟರ್ ಪಟ್ಟಿ, ಲೈಟ್ ಬಿದ್ದರೆ ಕತ್ತಲಲ್ಲಿ ಹೊಳೆಯುವಂಥದ್ದು. ಊಟವನ್ನೂ ಹಾಕಿಸುತ್ತೇವೆ. ಅವ್ವ ಅದನ್ನು ಒಂದು ವರ್ಷವೂ ತಪ್ಪಿಸಿಲ್ಲ.

ತಮ್ಮ ಹೋದಾಗ ಅವನಿಗೆ 24 ವರ್ಷ. ರಾತ್ರಿ ಜಮಖಂಡಿಯಿಂದ ಬೈಕಿನಲ್ಲಿ ಬರುತ್ತಿದ್ದ. ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತಿದ್ದ ಕಬ್ಬಿನ ಟ್ರೇಲರ್ ಅವನಿಗೆ ಕಾಣಲಿಲ್ಲ. ಹಿಂದೆ ಲೈಟೂ ಇರಲಿಲ್ಲ, ರಿಫ್ಲೆಕ್ಟರೂ ಇರಲಿಲ್ಲ. "ಜೋರಾಗಿ ಬಂದಿರಬೇಕು" ಅನ್ನುವವರಿಗೆ ನಾನು ಲೆಕ್ಕ ಹೇಳುತ್ತೇನೆ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದು ಎರಡೇ ಸೆಕೆಂಡು ಏನೂ ಕಾಣದಿದ್ದರೆ ಸಾಕು, ಮೂವತ್ತು ಮೀಟರ್ ದಾಟಿರುತ್ತೀರಿ. ಇದರಲ್ಲಿ ಅವನ ತಪ್ಪೇನು?

ಅವನೂ ಕಬ್ಬಿನ ಟ್ರ್ಯಾಕ್ಟರ್ ಹೊಡೆದವನೇ. ಲೋಡ್ ಆದ ಮೇಲೆ ಸುತ್ತಲೂ ತಿರುಗಿ ಒಂದೊಂದು ಗಂಟನ್ನೂ ಜಗ್ಗಿ ನೋಡುತ್ತಿದ್ದ. ಆಮೇಲೇ ಹಾಡು ಹಚ್ಚೋದು, ಅದೂ ಫುಲ್ ಸೌಂಡ್! ಟ್ರ್ಯಾಕ್ಟರ್ ಅಗಸಿಗೆ ಬರುವ ಮೊದಲೇ ಹಾಡು ಮನೆಗೆ ಬಂದಿರುತ್ತಿತ್ತು. ಅದು ಕೇಳಿಸಿದ ಕೂಡಲೇ ಅವ್ವ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು.

ಅದಕ್ಕೇ ಡ್ರೈವರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಸಕ್ಕರೆ ಕಾರ್ಖಾನೆ ಮುಂದೆ ಕಬ್ಬು ಇಳಿಸಲು ರಾತ್ರಿಯೆಲ್ಲ ಪಾಳಿ (ಸಾಲು) ಹಚ್ಚಿ, ನಿದ್ದೆಗೆಟ್ಟು ಕೂತಿರುವ ಹುಡುಗರು ಅವರು. ಬಹಳ ಮಂದಿ ನನ್ನ ತಮ್ಮನ ವಯಸ್ಸಿನವರು. ಪಾಳಿಯಲ್ಲಿ ನಿಂತಾಗಲೇ ನಮ್ಮ ಕೆಲಸ. ಮೊದಲು ಧೂಳು, ಎಣ್ಣೆ ಜಿಡ್ಡು ಚೆನ್ನಾಗಿ ಒರೆಸಬೇಕು, ಇಲ್ಲಾಂದ್ರೆ ಪಟ್ಟಿ ನಾಲ್ಕು ದಿನಕ್ಕೆ ಕಿತ್ತು ಬರುತ್ತದೆ. ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಹಿಂದಿನದನ್ನು ಎರಡೂ ಮೂಲೆಗೆ ಹಚ್ಚಿದರೆ ಟ್ರೇಲರ್ ಎಷ್ಟು ಅಗಲ ಅಂತ ಹಿಂದೆ ಬರುವವನಿಗೆ ಗೊತ್ತಾಗುತ್ತದೆ. ಸ್ವಲ್ಪ ಕೆಳಗೇ ಇರಬೇಕು. ಮೇಲೆ ಹಚ್ಚಿದರೆ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿಬಿಡುತ್ತದೆ.

ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ಅವನ ಹೆಸರು ಎತ್ತಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಊಟಕ್ಕೆ ಬಂದವರು ಆ ರಾತ್ರಿಯ ಮಾತನ್ನಷ್ಟೇ ಆಡಿ, ಅವ್ವನನ್ನು ಅಳಿಸಿ ಹೋಗುತ್ತಾರೆ. ಪಾಳಿಯಲ್ಲಿ ಹಾಗಲ್ಲ. ಅವನ ಜೊತೆ ಗಾಡಿ ಹೊಡೆದ ಹಿರಿಯರೊಬ್ಬರು ಹೋದ ಸೀಜನ್‌ನಲ್ಲಿ ಸಿಕ್ಕಿದ್ದರು. "ನಿಮ್ ತಮ್ಮ ಭಾಳ ಹಟಮಾರಿ ಬಿಡ್ರೀ ಯವ್ವಾ. ನನ್ ಗಾಡಿ ಹಗ್ಗ ಸಡ್ಲ ಐತಿ ಅಂತ ಜಗಳಾ ತಗದು, ತಾನ ಬಿಗದು ಹೋಗಿದ್ದ" ಅಂತ ನಕ್ಕರು. ನಾನೂ ನಕ್ಕೆ. ಅವನ ಬಗ್ಗೆ ಇಂಥ ಹೊಸ ಮಾತು ಕೇಳೋಕೆ ನನಗೆ ಬೇರೆ ಜಾಗ ಇಲ್ಲ.