ಮೊದಲು ಬಿಚ್ಚಬೇಕಾದ್ದು ಮೇಲಿನ ಬೋಲ್ಟು

ಎಂಜಿನ್ ಆಯಿಲ್ ಬದಲಾಯಿಸಿ ಕೈ ಪಳಗಿದವರೂ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸು ಅಂದ ಕೂಡಲೇ ಹಿಂದೆ ಸರಿಯುತ್ತಾರೆ. ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗರದ್ದೂ ಇದೇ ಕಥೆ. ‘ಏನೂ ಆಗಲ್ಲ, ಮಾಡು’ ಅಂದರೆ ಅವರಿಗೆ ಧೈರ್ಯ ಬರುವುದಿಲ್ಲ. ಎಲ್ಲಿಯವರೆಗೆ ಹೋಗಿ ವಾಪಸ್ ಬರಬಹುದು ಅಂತ ತೋರಿಸಿದರೆ ಬರುತ್ತದೆ. ಕೆಲಸ ಕಲಿಸುತ್ತಾ ಕಲಿಸುತ್ತಾ ನನಗೆ ಖಾತ್ರಿಯಾದ ವಿಷಯ ಇದು.

ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ ಸಾಮಾನ್ಯವಾಗಿ ಆಯಿಲ್ ತುಂಬಲು ಮೇಲೊಂದು ಬೋಲ್ಟು, ಇಳಿಸಲು (ಡ್ರೈನ್ ಮಾಡಲು) ಕೆಳಗೊಂದು ಬೋಲ್ಟು. ಮೇಲಿನದು ಬಿಚ್ಚಿ ಕೈಗೆ ಬರುವ ತನಕ ಕೆಳಗಿನದಕ್ಕೆ ಸ್ಪ್ಯಾನರ್ ಹಾಕಲೇಬಾರದು. ವರ್ಷಗಟ್ಟಲೆ ಯಾರೂ ಮುಟ್ಟದ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಬಲ ಹಾಕಿದರೆ ಅದರ ತಲೆಯೇ ಸವೆಯುವುದೂ ಉಂಟು. ಹಳೇ ಆಯಿಲ್ ಇಳಿಸಿದ ಮೇಲೆ ಇದು ಗೊತ್ತಾದರೆ ಹೊಸದು ತುಂಬಲಾಗದೆ ಗಾಡಿ ನಿಂತಲ್ಲೇ ನಿಂತಿತು. ಮೊದಲೇ ಗೊತ್ತಾದರೆ ಅದನ್ನು ಓಡಿಸಿಕೊಂಡೇ ಗ್ಯಾರೇಜಿಗೆ ತರಬಹುದು. ಇಷ್ಟು ತಿಳಿದರೆ ಹೊಸಬರ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಮೊದಲ ಸಲಕ್ಕೆ ಮ್ಯಾನ್ಯುಯಲ್ ಗಾಡಿಯೇ ಒಳ್ಳೆಯದು. ಆಟೋಮ್ಯಾಟಿಕ್‌ನಲ್ಲಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇದ್ದರೆ ಪರವಾಗಿಲ್ಲ. ಆದರೆ ಡಿಪ್‌ಸ್ಟಿಕ್ ಇಲ್ಲದ ಹಲವು ಗಾಡಿಗಳಲ್ಲಿ ಎಂಜಿನ್ ಚಾಲೂ ಇಟ್ಟು, ಆಯಿಲ್ ನಿಗದಿತ ಉಷ್ಣತೆಗೆ ಬಂದಾಗಲೇ ಮಟ್ಟ ನೋಡಬೇಕು. ಅದನ್ನು ಕೈ ಪಳಗಿದ ಮೇಲೆ ಮಾಡಿ. ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲಿ ಬಹಳಷ್ಟು ಆಯಿಲ್ ಉಳಿಯುವುದರಿಂದ ಡ್ರೈನ್ ಮಾಡಿದಾಗ ಪೂರ್ತಿ ಹೊರಬರುವುದಿಲ್ಲ. ಬಂದಷ್ಟನ್ನು ಅಳೆದಿಟ್ಟುಕೊಂಡರೆ ಎಷ್ಟು ಹಾಕಬೇಕೆಂಬ ಗೊಂದಲ ಇರುವುದಿಲ್ಲ.

ಆಯಿಲ್ ಆರಿಸುವಾಗ ಮಾತ್ರ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಜಿಎಲ್-4 (ಗೇರ್ ಆಯಿಲಿನ ಒಂದು ದರ್ಜೆ) ಅಂತಿದ್ದರೆ ಜಿಎಲ್-4 ಹಾಕಬೇಕು. 5 ದೊಡ್ಡ ಅಂಕಿ, ಹಾಗಾಗಿ ಅದೇ ಮೇಲು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಿಎಲ್-5ರಲ್ಲಿ ಗಂಧಕ-ರಂಜಕದ ಅಂಶ ಹೆಚ್ಚು. ಕೆಲವು ಜಿಎಲ್-5 ಆಯಿಲ್‌ಗಳು ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊನೈಸರಿನ ಹಿತ್ತಾಳೆಯನ್ನೇ ತಿನ್ನುತ್ತವೆ. ಸಿವಿಟಿಗೆ (ಹಂತಗಳಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ) ಸಿವಿಟಿ ಆಯಿಲ್ಲೇ ಬೇಕು. ಮಾಮೂಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಅದರ ಬದಲಿಗೆ ನಡೆಯದು.

ಗಾಡಿಯನ್ನು ಜ್ಯಾಕ್ ಸ್ಟ್ಯಾಂಡುಗಳ ಮೇಲೆ ಸಮತಟ್ಟಾಗಿ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ನುಸುಳಬೇಡಿ, ಒಂದು ನಿಮಿಷಕ್ಕೂ ಬೇಡ. ಬಿಚ್ಚುತ್ತಿರುವುದು ಎಂಜಿನ್ನಿನ ಬೋಲ್ಟೋ ಗೇರ್‌ಬಾಕ್ಸಿನದೋ ಅಂತ ಪುಸ್ತಕದ ಚಿತ್ರ ಇಟ್ಟುಕೊಂಡು ಖಚಿತ ಮಾಡಿಕೊಳ್ಳಿ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ.

ಹಲವು ಗಾಡಿಗಳಲ್ಲಿ ಡ್ರೈನ್ ಬೋಲ್ಟಿನ ತುದಿಗೆ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ ಲೋಹದ ಪುಡಿಯನ್ನು ಮೊದಲ ಸಲ ನೋಡಿದ ಹುಡುಗರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಅಣ್ಣಾ, ಗೇರ್ ಹೋಯ್ತಾ?’ ಬೆರಳಲ್ಲಿ ತಿಕ್ಕಿ ನೋಡು ಅನ್ನುತ್ತೇನೆ. ಕಾಡಿಗೆಯಷ್ಟು ನುಣ್ಣಗಿದ್ದು ಬೆರಳಿಗೆ ಬೂದು ಬಣ್ಣ ಹತ್ತಿದರೆ ಅದು ಸಹಜ ಸವೆತ. ಬಟ್ಟೆಯಿಂದ ಒರೆಸಿ ವಾಪಸ್ ಹಾಕಿದರಾಯಿತು. ಚೂರುಗಳು, ಹಲ್ಲಿನ ತುಣುಕು ಸಿಕ್ಕರೆ ಅಥವಾ ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿದ್ದರೆ ಕೆಲಸ ನಿಲ್ಲಿಸಿ ಬಲ್ಲವರಿಗೆ ತೋರಿಸಬೇಕು. ಬೋಲ್ಟನ್ನು ಸ್ವತಃ ಬಿಚ್ಚಿದ್ದರಿಂದಲೇ ಇದು ಕಣ್ಣಿಗೆ ಬೀಳುತ್ತದೆ. ಈ ಕೆಲಸವನ್ನು ನೀವೇ ಮಾಡಿ ಅಂತ ನಾನು ಒತ್ತಾಯಿಸುವುದಕ್ಕೆ ಅದೂ ಒಂದು ಕಾರಣ.

ಹೊಸ ವಾಷರ್ ಹಾಕಿ ಕೆಳಗಿನ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ (ಬಿಗಿ ಅಳೆಯುವ ಸ್ಪ್ಯಾನರಿನಲ್ಲಿ) ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಅಲ್ಯೂಮಿನಿಯಂ ಕೇಸಿನ ಥ್ರೆಡ್ಡು ಹೆಚ್ಚು ಬಲ ತಾಳುವುದಿಲ್ಲ. ಆಮೇಲೆ ಪಂಪಿನಿಂದಲೋ ಪೈಪು ಸಿಕ್ಕಿಸಿದ ಆಲಿಕೆಯಿಂದಲೋ ನಿಧಾನವಾಗಿ ತುಂಬಿ. ಸಾಮಾನ್ಯವಾಗಿ ಮ್ಯಾನ್ಯುಯಲ್‌ನಲ್ಲಿ ಮೇಲಿನ ತೂತಿನ ಅಂಚೇ ಮಟ್ಟ: ತುಂಬಿದ ಆಯಿಲ್ ಅಲ್ಲಿಂದ ಹೊರಚೆಲ್ಲಿ, ಧಾರೆ ಸಣ್ಣಗಾಗಿ, ಹನಿಗೆ ಇಳಿದಾಗ ಮುಚ್ಚಿ. ಅವಸರದಲ್ಲಿ ಧಾರೆ ಇರುವಾಗಲೇ ಮುಚ್ಚಿದರೆ ಒಳಗೆ ಹೆಚ್ಚಾಗಿರುತ್ತದೆ.

ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಡಬ್ಬಿಗೆ ತುಂಬಿ ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಎರಡೂ ಬೋಲ್ಟಿನ ಸುತ್ತ ಒಣಬಟ್ಟೆಯಿಂದ ಒರೆಸಿ, ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ಬಗ್ಗಿ ನೋಡಿ. ತೇವ ಕಂಡರೆ ಮೊದಲು ವಾಷರ್ ಸರಿಯಾಗಿ ಕೂತಿದೆಯೇ ಅಂತ ಪರೀಕ್ಷಿಸಿ.