ಅದೇ ಕಬ್ಬಿಣ, ಮತ್ತೇನು ಬೇರೆ?

ನ್ಯಾನೋ ಹರಳಿನ ಲೋಹದ ಮೇಲೆ ಕೆಲಸ ಮಾಡ್ತೀನಿ ಅಂದ ಕೂಡಲೇ ಧಾರವಾಡದಲ್ಲಿ ಎಲ್ಲರೂ ಕೇಳುವುದು ಒಂದೇ. ಕಬ್ಬಿಣ ಅದೇ ಅಲ್ವಾ, ಒಳಗಿನ ಹರಳು ಸಣ್ಣದಾದರೆ ಆಯಸ್ಕಾಂತದ ಗುಣ ಯಾಕೆ ಬದಲಾಗಬೇಕು? ಮೊನ್ನೆ ಗದಗಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಕಾಕಾ ಕೂಡ ಇದನ್ನೇ ಕೇಳಿದರು.

ಪ್ರತಿ ಹರಳಿಗೂ ಕಾಂತತೆ ಸಲೀಸಾಗಿ ನಿಲ್ಲುವ ತನ್ನದೇ ಒಂದು ದಿಕ್ಕು ಇರುತ್ತದೆ. ಪಕ್ಕದ ಹರಳಿನದು ಇನ್ನೊಂದು ದಿಕ್ಕು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಸುತ್ತು ಹಾಕುತ್ತದೆ, ಪ್ರತಿ ಸುತ್ತಿಗೂ ಕೋರಿನ, ಅಂದರೆ ತಂತಿ ಸುರುಳಿಯೊಳಗಿನ ಕಬ್ಬಿಣದ, ಕಾಂತತೆ ಅತ್ತಿತ್ತ ತಿರುಗಬೇಕು. ತಿರುಗುವಾಗ ತಡೆ ಜಾಸ್ತಿ ಇದ್ದಷ್ಟೂ ಕೋರು ಬಿಸಿಯಾಗುತ್ತದೆ.

ಕಾಕಾನಿಗೆ ಚಕ್ಕಡಿಯ ಲೆಕ್ಕದಲ್ಲಿ ಹೇಳಿದೆ. ಗಾಲಿಗಿಂತ ದೊಡ್ಡ ತೆಗ್ಗು ಬಂದರೆ ಚಕ್ಕಡಿ ಇಳಿದು ಹತ್ತಬೇಕು. ಅಂಗೈಯಷ್ಟರ ತೆಗ್ಗುಗಳಾದರೆ ಗಾಲಿ ಮೇಲೇ ಉರುಳಿಹೋಗುತ್ತದೆ. ಅಕ್ಕಪಕ್ಕದ ಪರಮಾಣುಗಳ ಕಾಂತತೆ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅದು ಥಟ್ಟನೆ ದಿಕ್ಕು ಬದಲಿಸಲಾರದು. ಕಬ್ಬಿಣ-ಸಿಲಿಕಾನಿನಲ್ಲಿ ಅದಕ್ಕೆ ಸುಮಾರು 35 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್) ಜಾಗ ಬೇಕು. ಅದೇ ಗಾಲಿ. ಹರಳು 10 ನ್ಯಾನೋಮೀಟರ್ ಆದರೆ ಒಂದು ಗಾಲಿಯಡಿ ಹತ್ತಾರು ಹರಳು, ಒಂದರ ಎಳೆತ ಇನ್ನೊಂದರ ಎಳೆತವನ್ನು ಹೆಚ್ಚುಕಡಿಮೆ ಅಳಿಸಿಬಿಡುತ್ತದೆ.

ನನಗೆ ಇದರಲ್ಲಿ ಇಷ್ಟವಾಗುವುದು ಇದರ ತಿರುವು. ಮಾಮೂಲಿ ಲೋಹದಲ್ಲಿ ಹರಳು ಸಣ್ಣದಾದಷ್ಟೂ ತಡೆ ಏರುತ್ತದೆ, ಅದಕ್ಕೇ ಟ್ರಾನ್ಸ್‌ಫಾರ್ಮರ್ ತಗಡಿನಲ್ಲಿ ಬೇಕಂತಲೇ ದೊಡ್ಡ ಹರಳು ಬೆಳೆಸುತ್ತಾರೆ. ಈ ಗಾಲಿಯ ಅಳತೆಗಿಂತ ಕೆಳಗೆ ಇಳಿದರೆ ಎಲ್ಲಾ ಉಲ್ಟಾ. 1990ರಲ್ಲಿ ಜರ್ಮನಿಯ ವಿಜ್ಞಾನಿ ಹರ್ಝರ್ ತೋರಿಸಿದ ಪ್ರಕಾರ, ಅಲ್ಲಿ ಹರಳಿನ ಅಡ್ಡಳತೆ ಅರ್ಧವಾದರೆ ತಡೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಈ ಲೋಹವನ್ನು 1988ರಲ್ಲಿ ಜಪಾನಿನ ಯೋಶಿಝಾವಾ ಮತ್ತು ಜೊತೆಗಾರರು ಪ್ರಕಟಿಸಿದರು. ಕರಗಿಸಿದ ಲೋಹವನ್ನು ತಿರುಗುವ ಚಕ್ರದ ಮೇಲೆ ಸುರಿದು, ಹರಳೇ ಇಲ್ಲದ ತೆಳ್ಳನೆ ಪಟ್ಟಿ ಎಳೆಯುತ್ತಾರೆ. ಆಮೇಲೆ ಸುಮಾರು 550 ಡಿಗ್ರಿಯಲ್ಲಿ ಒಂದು ತಾಸು ಕಾಯಿಸುತ್ತಾರೆ. ಚೂರು ತಾಮ್ರ ಹರಳಿಗೆ ಬೀಜ ಹಾಕುತ್ತದೆ, ನಯೋಬಿಯಂ ಅನ್ನೋ ಲೋಹ ಅದು ಬೆಳೆಯದಂತೆ ಬೇಲಿ ಕಟ್ಟುತ್ತದೆ. ಹರಳುಗಳ ನಡುವೆ ಉಳಿದ ಗಾಜಿನಂಥ ಲೋಹವೂ ಸುಮ್ನೆ ಕೂತಿಲ್ಲ, ಹರಳುಗಳನ್ನು ಜೋಡಿಸುವುದು ಅದೇ. ಬಿಸಿಗೆ ಅದರ ಕಾಂತತೆ ಹೋದರೆ ಹರಳುಗಳ ನಂಟು ಸಡಿಲವಾಗಿ ತಡೆ ಮತ್ತೆ ಏರುತ್ತದೆ. ಒಮ್ಮೆ ಕುಲುಮೆಯ ಶಾಖ ಜಾಸ್ತಿಯಾಗಿ ಬೋರೈಡ್, ಅಂದರೆ ಕಬ್ಬಿಣಕ್ಕೆ ಬೋರಾನ್ ಸೇರಿ ತಡೆ ಏರಿಸುವ ಹರಳು, ಹುಟ್ಟಿತು, ನನ್ನ ಎರಡು ವಾರದ ಕೆಲಸ ಕಸವಾಯಿತು.

ಕಾಕಾ ಪಟ್ಟಿಯ ತುಂಡನ್ನು ಬಗ್ಗಿಸಿ ನೋಡಿದರು. ಹಪ್ಪಳದಂತೆ ಮುರಿಯಿತು. ಮಾಮೂಲಿ ಕೋರಿನ ಸಿಲಿಕಾನ್ ಉಕ್ಕು ಸುಮಾರು 2 ಟೆಸ್ಲಾ (ಕಾಂತತೆಯ ಅಳತೆ) ಹೊರುತ್ತದೆ, ಇದು 1.2 ಅಷ್ಟೇ, ಅಂದೆ.

“ಹಂಗಾದ್ರ ನಮ್ಮ ಪಂಪಿನ ಮೋಟಾರಿಗೆ ಬ್ಯಾಡ ಬಿಡ್ರಿ ಸರ,” ಅಂತ ಚೂರುಗಳನ್ನು ಗುಡಿಸಿ ಹಾಕಿದರು.